ಸಂಚಕಾರ ಕೊಟ್ಟ ಮೇಲೆ

ಮದುವೆಗೆ ಇನ್ನು ಒಂಬತ್ತು ದಿನ ಇತ್ತು. ತುಮಕೂರಿನ ಅಕ್ಕನ ಮನೆಯಲ್ಲಿ ನಡುಮನೆ ತುಂಬ ಹೆಂಗಸರು ಕೂತು ತಾಂಬೂಲದ ಚೀಲಕ್ಕೆ ಅಡಿಕೆ, ಅರಿಶಿನ–ಕುಂಕುಮದ ಪೊಟ್ಟಣ ಹಾಕುತ್ತಿದ್ದರು. ಭಾವನ ಫೋನು ಹೊಡೆದುಕೊಂಡಿತು. ಅಡುಗೆ ಕಂಟ್ರಾಕ್ಟರು. ನಾಲ್ಕು ತಿಂಗಳ ಹಿಂದೆ ಇದೇ ನಡುಮನೆಯಲ್ಲಿ ಕೂತು ಎಲೆಗೆ 450 ರೂಪಾಯಿ ಎಂದು ಒಪ್ಪಿ, ಒಂದು ಲಕ್ಷ ಅಡ್ವಾನ್ಸ್ ತೆಗೆದುಕೊಂಡು, ಕಾಫಿ ಕುಡಿದು ಹೋಗಿದ್ದವರು. "ಎಣ್ಣೆ, ತುಪ್ಪ, ಗೋಡಂಬಿ ಎಲ್ಲಾ ಏರ್‍ಬಿಟ್ಟಿದೆ ಸಾರ್. 540 ಮಾಡ್ಕೊಡಿ. ಇಲ್ಲಾಂದ್ರೆ ನಮ್ ಕೈಲಿ ಆಗಲ್ಲ, ಬೇರೆಯವರನ್ನ ನೋಡ್ಕೊಳ್ಳಿ." 900 ಎಲೆಯ ಊಟ. ಎಲೆಗೆ 90 ಹೆಚ್ಚೆಂದರೆ 81,000 ರೂಪಾಯಿ. ಭಾವ ಪ್ರೈಮರಿ ಶಾಲೆಯ ಮೇಷ್ಟ್ರು. ಫೋನು ಕೆಳಗಿಟ್ಟು ಗೋಡೆಯ ಕ್ಯಾಲೆಂಡರ್ ಕಡೆ ನೋಡುತ್ತ ನಿಂತುಬಿಟ್ಟರು.

ಮೊದಲು ಬಾಯಿಬಿಟ್ಟವರು ದೊಡ್ಡಪ್ಪ. "ಶುಭಕಾರ್ಯ ಇಟ್ಕೊಂಡು ಅನ್ನ ಹಾಕೋರ ಹತ್ರ ಜಗಳ ಆಡಬಾರದು ಕಣಯ್ಯಾ. ಕೊಟ್ಟು ಕೈ ತೊಳ್ಕೊ." ಕೂತಿದ್ದವರೆಲ್ಲ ಹೌದೌದು ಎಂದರು. ಭಾವ ಸೊಸೈಟಿಯಿಂದ ಸಾಲ ತೆಗೆದು ಕೊಟ್ಟರು.

ಆ ಮಾತು ದೊಡ್ಡಪ್ಪನೊಬ್ಬರದಲ್ಲ. ಛತ್ರದವರು ತಿಂಗಳಿರುವಾಗ ಬಾಡಿಗೆ ಏರಿಸಿದರೆ, ಫೋಟೊದವರು ಆಲ್ಬಮ್ಮಿಗೆ ಬೇರೆ ದುಡ್ಡು ಎಂದರೆ, ಹೂವಿನ ಮಂಟಪದವರು ಹಿಂದಿನ ರಾತ್ರಿ ಬಂದು ಇನ್ನೂ 20,000 ಇಡಿ ಎಂದರೆ, ನಮ್ಮ ಯಾವುದೇ ಊರಿನ ಯಾವುದೇ ಮದುವೆಮನೆಯಲ್ಲಿ ಕೇಳುವ ಮಾತು ಇದೇ. ಕೊಡುವುದು ದೊಡ್ಡತನ, ಕೇಳುವುದು ಸಣ್ಣತನ ಎಂಬ ತೀರ್ಮಾನ ಅದರೊಳಗಿದೆ. ಈ ತೀರ್ಮಾನ ತಪ್ಪು. ಒಪ್ಪಿದ ದರ ಒಪ್ಪಿದವನನ್ನು ಕಟ್ಟಿಹಾಕುತ್ತದೆ. ಅದನ್ನು ಮುರಿದವನ ಮುಂದೆ ಸುಮ್ಮನಿರುವುದನ್ನು ಔದಾರ್ಯ ಎಂದು ಕರೆಯುತ್ತ ಬಂದಿದ್ದೇವೆ. ಆ ಔದಾರ್ಯದ ಬೆಲೆಯನ್ನು ಭಾವನಂಥವರು ಕಂತಿನಲ್ಲಿ ಕಟ್ಟುತ್ತಿದ್ದಾರೆ.

ಹಿರಿಯರ ಹೆಸರಲ್ಲಿ ಈ ಮಾತು ಆಡುವವರು ಹಿರಿಯರ ಭಾಷೆಯನ್ನೇ ಮರೆತಿದ್ದಾರೆ. ಇಂದು ನಾವು ಅಡ್ವಾನ್ಸ್ ಎನ್ನುವುದಕ್ಕೆ ಕನ್ನಡದಲ್ಲಿ ಸಂಚಕಾರ ಎಂಬ ಹಳೆಯ ಪದವಿದೆ. ವ್ಯಾಪಾರ ಕುದುರಿತು, ಇನ್ನು ಹಿಂತೆಗೆಯುವಂತಿಲ್ಲ ಎಂಬುದಕ್ಕೆ ಗುರುತಾಗಿ ಕೊಡುತ್ತಿದ್ದ ಹಣ ಅದು. ಸಂಸ್ಕೃತದ ಸತ್ಯಂಕಾರ ಎಂಬ ಪದ ನಾಲಿಗೆಯಲ್ಲಿ ಸವೆದು ಹೀಗಾಗಿದೆ. ಮಾತನ್ನು ಸತ್ಯ ಮಾಡುವುದು ಎಂದರ್ಥ. ಓಲಗದವರಿಗೆ, ಅಡುಗೆಯವರಿಗೆ ಎಲೆಅಡಿಕೆಯ ಮೇಲೆ ಒಂದು ರೂಪಾಯಿ ಇಟ್ಟು ವೀಳ್ಯ ಕೊಡುತ್ತಿದ್ದದ್ದೂ ಇದಕ್ಕೇ. ವೀಳ್ಯ ಹಿಡಿದವನು ಬರಲೇಬೇಕಿತ್ತು, ಹಿಡಿಸಿದವನು ಕೊಡಲೇಬೇಕಿತ್ತು. ಇಂದು ಸಂಚಕಾರ ಎಂದರೆ ನಮಗೆ ಹೊಳೆಯುವುದು ಕುತ್ತು, ಗಂಡಾಂತರ. ಮುಂಗಡ ಕೊಟ್ಟವನೇ ಸಿಕ್ಕಿಬೀಳುವ ಈ ಕಾಲದಲ್ಲಿ ಆ ಎರಡನೆಯ ಅರ್ಥವೇ ಉಳಿದುಕೊಂಡಿರುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ದರ ಏರಿಸುವವರ ಪರವಾಗಿ ಹೇಳುವ ಮೊದಲ ಮಾತು, ಮಾರುಕಟ್ಟೆ ಏರಿದರೆ ಅವರಾದರೂ ಏನು ಮಾಡಿಯಾರು ಎಂಬುದು. ಏರುವುದು ನಿಜ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ಏರಿತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಡುಗೆ ಎಣ್ಣೆಯ ಆಮದು ಸುಂಕ ಹೆಚ್ಚಿಸಿದಾಗ ಮತ್ತೆ ಏರಿತು. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತು. ಆದರೆ ಅದೇ ಟೊಮೆಟೊ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ನೆಲ ಕಚ್ಚಿತ್ತು. ಜುಲೈಯಲ್ಲಿ ದರ ಮಾತಾಡಿ ದೀಪಾವಳಿ ಕಳೆದ ಮೇಲೆ ಮದುವೆ ಮಾಡಿದ ಯಾವ ಮನೆಗಾದರೂ ಅಡುಗೆಯವರು ಫೋನು ಮಾಡಿ, "ಟೊಮೆಟೊ ಇಳಿದಿದೆ, ಎಲೆಗೆ ಹತ್ತು ರೂಪಾಯಿ ಕಡಿಮೆ ಕೊಡಿ" ಎಂದರೇ? ನನ್ನ ಕಿವಿಗಂತೂ ಅಂಥ ಒಂದು ಸುದ್ದಿಯೂ ಬಿದ್ದಿಲ್ಲ. ಇಳಿದಾಗ ಲಾಭ ಒಬ್ಬನದು, ಏರಿದಾಗ ನಷ್ಟ ಇನ್ನೊಬ್ಬನದು ಎನ್ನುವುದಾದರೆ ನಾಲ್ಕು ತಿಂಗಳ ಮೊದಲು ದರ ಮಾತಾಡುವುದು ಯಾತಕ್ಕೆ? ದರ ಮೊದಲೇ ನಿಗದಿ ಮಾಡುವುದರ ಅರ್ಥವೇ ನಡುವಿನ ಏರಿಳಿತವನ್ನು ಹೊರುವವರು ಯಾರೆಂದು ತೀರ್ಮಾನಿಸುವುದು. ಅದನ್ನು ಹೊರಲು ತಕ್ಕವನು ಕಂಟ್ರಾಕ್ಟರೇ. ವಾರಕ್ಕೆ ಎರಡು ಸಲ ಮಂಡಿಗೆ ಹೋಗುವವನು ಅವನು. ಮಾಘದಲ್ಲಿ ಎಷ್ಟಾದೀತು, ವೈಶಾಖದಲ್ಲಿ ಎಷ್ಟಾದೀತು ಎಂದು ಅಂದಾಜು ಕಟ್ಟಬಲ್ಲವನು ಅವನು. ನನ್ನ ಭಾವ ಮನೆಗೆ ತಿಂಗಳಿಗೆ ಮೂರು ಲೀಟರ್ ಎಣ್ಣೆ ತರುವವರು.

ಕಾನೂನು ಇದನ್ನು ಎಂದೋ ಹೇಳಿ ಮುಗಿಸಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ತುಪ್ಪ ಕೊಂಡು ಒದಗಿಸಲು ಒಪ್ಪಿಕೊಂಡಿದ್ದ ಸಂಸ್ಥೆಯೊಂದು, ಯುದ್ಧದಿಂದ ಪರಿಸ್ಥಿತಿಯೇ ಬದಲಾಯಿತು, ಒಪ್ಪಿದ ದರ ಸಾಲದು, ಹೆಚ್ಚು ಕೊಡಿ ಎಂದು ಸರ್ಕಾರವನ್ನು ಕೇಳಿತು. ಅಲೋಪಿ ಪರ್ಷಾದ್ ಪ್ರಕರಣ ಎಂದೇ ಅದು ಹೆಸರಾಗಿದೆ. 1960ರಲ್ಲಿ ಸುಪ್ರೀಂ ಕೋರ್ಟು ಆ ವಾದ ಒಪ್ಪಲಿಲ್ಲ. ಒಪ್ಪಂದ ನಡೆಸಿಕೊಡುವುದು ನಿರೀಕ್ಷೆಗಿಂತ ದುಬಾರಿಯಾಯಿತು ಎಂಬ ಒಂದೇ ಕಾರಣಕ್ಕೆ ಒಪ್ಪಂದದ ಕಟ್ಟು ಸಡಿಲವಾಗುವುದಿಲ್ಲ ಎಂದಿತು. ಮಹಾಯುದ್ಧ ಸಡಿಲಿಸದ ಕಟ್ಟನ್ನು ಗೋಡಂಬಿಯ ಬೆಲೆ ಸಡಿಲಿಸಲಾರದು.

ಅನ್ನ ಹಾಕುವವರು ಎಂಬ ಮಾತಿಗೆ ನಾನು ತಲೆಬಾಗುತ್ತೇನೆ. ಬೆಳಗಿನ ಮೂರು ಗಂಟೆಗೆ ಒಲೆ ಹೊತ್ತಿಸಿ, ಕೊಪ್ಪರಿಗೆಯ ಹಬೆಯಲ್ಲಿ ಬೆವರು ಸುರಿಸಿ, 900 ಜನಕ್ಕೆ ಹೋಳಿಗೆ ತಟ್ಟುವವರ ದುಡಿಮೆ ನನಗೆ ಗೊತ್ತು. ಆದರೆ ಆ 81,000 ರೂಪಾಯಿ ಅವರಿಗೆ ಹೋಗಲಿಲ್ಲ. ಪಂಕ್ತಿಯಲ್ಲಿ ಬಡಿಸುತ್ತಿದ್ದ ಹುಡುಗನೊಬ್ಬನನ್ನು ಊಟವಾದ ಮೇಲೆ ಮಾತಾಡಿಸಿದೆ. ಅವನ ದಿನಗೂಲಿ ಹೋದ ತಿಂಗಳು ಎಷ್ಟಿತ್ತೋ ಅಷ್ಟೇ ಇತ್ತು. ಅನ್ನದ ಹೆಸರಲ್ಲಿ ಏರಿದ ದರ ಅನ್ನ ಬೇಯಿಸಿದವನ, ಬಡಿಸಿದವನ ಕೈಗೆ ಸೇರದೆ ನಡುವಿನವನ ಜೇಬಲ್ಲಿ ನಿಂತಿತು. ಅವನ ಮುಂದೆ ಮೌನವಾಗಿರುವುದು ಅನ್ನಕ್ಕೆ ತೋರಿಸುವ ಗೌರವ ಎಂದು ನಾನು ಒಪ್ಪುವುದಿಲ್ಲ.

ಇನ್ನೊಂದು ವಾದ ಹೆಚ್ಚು ಚುಚ್ಚುವಂಥದ್ದು: "ಯಾರೂ ಕತ್ತಿಗೆ ಚಾಕು ಹಿಡಿಯಲಿಲ್ಲ, ನೀವೇ ಒಪ್ಪಿ ಕೊಟ್ಟಿರಿ." ಇಲ್ಲಿ ನಿಧಾನಿಸಿ ನೋಡಬೇಕು. ಮದುವೆ ಬೇರೆ ವ್ಯಾಪಾರಗಳ ಹಾಗಲ್ಲ. ಬೀರು ಮಾಡಿಸಲು ಕೊಟ್ಟ ಬಡಗಿ ದರ ಏರಿಸಿದರೆ ಇನ್ನೊಬ್ಬ ಬಡಗಿಯ ಹತ್ತಿರ ಹೋಗಬಹುದು, ಬೀರು ಒಂದು ತಿಂಗಳು ತಡವಾಗುತ್ತದೆ ಅಷ್ಟೆ. ಮುಹೂರ್ತ ತಡವಾಗುವುದಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಗುರು–ಶುಕ್ರರ ಅಸ್ತದಲ್ಲಿ ಇಲ್ಲ. 2024ರಲ್ಲಿ ಮೇ, ಜೂನ್ ಎರಡೂ ತಿಂಗಳು ಅಸ್ತದಲ್ಲೇ ಕಳೆದವು. ಹೀಗೆ ಒಳ್ಳೆಯ ದಿನಗಳು ಬೆರಳೆಣಿಕೆಗೆ ಇಳಿದಾಗ ಇಡೀ ಜಿಲ್ಲೆಯ ಮದುವೆಗಳು ಅದೇ ಹತ್ತಾರು ದಿನಗಳಿಗೆ ಬಂದು ಬೀಳುತ್ತವೆ, ಕೈ ಪಳಗಿದ ಅಡುಗೆಯವರು, ಛತ್ರದವರು ಎಲ್ಲರೂ ಆಗಲೇ ಬುಕ್ ಆಗಿರುತ್ತಾರೆ. ಒಂಬತ್ತು ದಿನ ಇರುವಾಗ ಬೇರೆಯವರನ್ನು ನೋಡಿಕೊಳ್ಳಿ ಎನ್ನುವವನಿಗೆ ಬೇರೆಯವರು ಸಿಗುವುದಿಲ್ಲವೆಂದು ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಅವನು ಒಂಬತ್ತನೇ ದಿನ ಫೋನು ಮಾಡುತ್ತಾನೆ, ತೊಂಬತ್ತನೇ ದಿನ ಮಾಡುವುದಿಲ್ಲ.

ಅಷ್ಟೇ ಅಲ್ಲ. ಅವನ ಕೈಯಲ್ಲಿರುವುದು ಬರೀ ಊಟ ಅಲ್ಲ, ಹೆಣ್ಣಿನ ಮನೆಯವರ ಮರ್ಯಾದೆ. ಬೀಗರ ಪಂಕ್ತಿಗೆ ಪಾಯಸ ಸಾಲದೆ ಹೋದರೆ ಎಂಬ ಭಯ ಅಕ್ಕನ ಮುಖದಲ್ಲಿ ಆ ಸಂಜೆ ಹೇಗೆ ಮೂಡಿತು ಎಂಬುದು ನನ್ನ ಕಣ್ಣಿಗೆ ಕಟ್ಟಿದೆ. "ಅವನಿಗೆ ಸಿಟ್ಟು ಬಂದು ಸಾರಿಗೆ ಉಪ್ಪು ಜಾಸ್ತಿ ಹಾಕಿದ್ರೆ ಏನ್ಮಾಡ್ತೀಯೋ, ಜನ್ಮಪೂರ್ತಿ ಹುಡುಗಿ ಮಾತು ಕೇಳ್ಬೇಕು" ಎಂದಳು. ಆ ಭಯದಲ್ಲಿ ಹೇಳಿದ ಹೂಂ ಒಪ್ಪಿಗೆಯೇ?

ಅಲ್ಲ ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆ. ಬಲವಂತಕ್ಕೆ ಸಿಕ್ಕಿ ಕೊಟ್ಟ ಹಣವನ್ನು ಪಡೆದವನು ಹಿಂತಿರುಗಿಸಬೇಕು ಎಂಬುದು ಅದರ 72ನೇ ಸೆಕ್ಷನ್. ಅದಕ್ಕೆ ಕಾಯ್ದೆಯೇ ಕೊಟ್ಟಿರುವ ಉದಾಹರಣೆ ನೋಡಿ: ರೈಲ್ವೆ ಕಂಪನಿಯೊಂದು ಅಕ್ರಮವಾಗಿ ಹೆಚ್ಚು ಶುಲ್ಕ ಕೊಟ್ಟ ಹೊರತು ಸರಕು ಬಿಡುವುದಿಲ್ಲ ಎನ್ನುತ್ತದೆ, ಸರಕಿನವನು ಬೇರೆ ದಾರಿಯಿಲ್ಲದೆ ಕೊಟ್ಟು ಬಿಡಿಸಿಕೊಳ್ಳುತ್ತಾನೆ, ಹೆಚ್ಚಾಗಿ ಕೊಟ್ಟಷ್ಟನ್ನು ಅವನು ವಾಪಸು ಪಡೆಯಬಹುದು. ಅಲ್ಲೂ ಯಾರೂ ಚಾಕು ಹಿಡಿದಿಲ್ಲ. ಬಲವಂತ ಎಂದರೆ ಅಪರಾಧದ ಬೆದರಿಕೆ ಇರಲೇಬೇಕೆಂದು ವಾದಿಸುವವರಿಗೆ ಪ್ರಿವಿ ಕೌನ್ಸಿಲ್ 1913ರಲ್ಲೇ ಉತ್ತರ ಕೊಟ್ಟಿದೆ. ಕನ್ಹಯ್ಯಾ ಲಾಲ್ ಮತ್ತು ನ್ಯಾಷನಲ್ ಬ್ಯಾಂಕ್ ಆಫ್ ಇಂಡಿಯಾ ನಡುವಿನ ಪ್ರಕರಣದಲ್ಲಿ, ಈ ಸೆಕ್ಷನ್ನಿನ ಬಲವಂತ ಎಂಬ ಪದವನ್ನು ಜನ ಬಳಸುವ ಸಾಮಾನ್ಯ ಅರ್ಥದಲ್ಲೇ ಓದಬೇಕು ಎಂದಿತು. ನೀವೇ ಕೊಟ್ಟಿರಿ ಎಂಬ ವಾದಕ್ಕೆ ನೂರು ವರ್ಷದಿಂದ ನೆಲೆಯಿಲ್ಲ. ಒಪ್ಪಂದವನ್ನು ಬದಲಿಸಲು ಇಬ್ಬರೂ ಮನಸಾರೆ ಒಪ್ಪಬೇಕು. ಒಬ್ಬನು ಬಾಗಿಲಿಗೆ ಅಡ್ಡ ನಿಂತು ಇನ್ನೊಬ್ಬನಿಂದ ಹೊರಡಿಸಿದ ಹೂಂ ಬದಲಾವಣೆಯಾಗದು.

ಇನ್ನು ಕೈಯೆತ್ತಿಯೇ ಬಿಡುವೆನೆಂದು ಕಂಟ್ರಾಕ್ಟರು ನಿಜವಾಗಿ ಹೊರಟುಹೋದರೆ? ಆಗ ಕರಾರು ಮುರಿದವನು ಅವನು. ಮುಂಗಡ ಪೂರ್ತಿ ಹಿಂದಕ್ಕೆ ಕೊಡಬೇಕಾದದ್ದಲ್ಲದೆ, ನೀವು ಇನ್ನೊಬ್ಬರಿಗೆ ಹೆಚ್ಚು ಕೊಟ್ಟು ಅಡುಗೆ ಮಾಡಿಸಿದ್ದರೆ ಆ ವ್ಯತ್ಯಾಸವನ್ನೂ ತುಂಬಬೇಕು. 73ನೇ ಸೆಕ್ಷನ್ನಿನ ಮೊದಲ ಉದಾಹರಣೆ ಐವತ್ತು ಮಣ ಪೆಟ್ಲುಪ್ಪು ಕೊಡುತ್ತೇನೆಂದು ಮಾತು ಕೊಟ್ಟು ತಪ್ಪಿದವನದು. ಕೊಳ್ಳುವವನಿಗೆ ಅದೇ ಸರಕು ಹೊರಗೆ ಎಷ್ಟು ಹೆಚ್ಚಿಗೆ ಬೀಳುತ್ತದೋ ಅಷ್ಟು ಪರಿಹಾರ. ಪೆಟ್ಲುಪ್ಪಿನ ಜಾಗದಲ್ಲಿ ಹೋಳಿಗೆ ಊಟ ಇಟ್ಟು ಓದಿದರಾಯಿತು.

ಇಷ್ಟೆಲ್ಲ ಹಳೆಯ ಕಾಯ್ದೆಗೆ ಹೋಗಬೇಕಾಗಿಯೂ ಇಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ, ಯಾವುದರ ಬಗ್ಗೆ ದೂರು ಕೊಡಬಹುದು ಎಂದು ಹೇಳುವಲ್ಲೇ ನಮ್ಮ ಮದುವೆಮನೆಯ ಕಷ್ಟವನ್ನು ನೇರವಾಗಿ ಸೇರಿಸಿದೆ. ಕಾನೂನು ನಿಗದಿ ಮಾಡಿದ ಬೆಲೆಗಿಂತ ಹೆಚ್ಚು ಪಡೆದರೆ ದೂರು, ಪೊಟ್ಟಣದ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚು ಪಡೆದರೆ ದೂರು, ಹಾಗೆಯೇ ಎರಡೂ ಕಡೆಯವರು ಒಪ್ಪಿಕೊಂಡ ಬೆಲೆಗಿಂತ ಹೆಚ್ಚು ಪಡೆದರೂ ದೂರು. ನಾವೆಲ್ಲ ಎಂಆರ್‌ಪಿಗಿಂತ ಎರಡು ರೂಪಾಯಿ ಹೆಚ್ಚು ಕೇಳಿದ ಅಂಗಡಿಯವನ ಮೇಲೆ ರೇಗುತ್ತೇವೆ. ನೀರಿನ ಬಾಟಲಿಯ ಮೇಲೆ ಅಚ್ಚಾದ ಬೆಲೆ ಮತ್ತು ನಡುಮನೆಯಲ್ಲಿ ಕೂತು ಒಪ್ಪಿದ ಬೆಲೆ ಕಾನೂನಿನ ಕಣ್ಣಿಗೆ ಒಂದೇ ಸಾಲಿನಲ್ಲಿ ನಿಂತಿವೆ ಎಂಬುದನ್ನು ಮಾತ್ರ ಯಾರೂ ನಮಗೆ ಹೇಳಿಕೊಡಲಿಲ್ಲ. ಹಣ ಕೊಟ್ಟ ತಂದೆಯಷ್ಟೇ ಅಲ್ಲ, ಆ ಸೇವೆ ಯಾರಿಗಾಗಿಯೋ ಆ ಮದುಮಗಳೂ ಕಾಯ್ದೆಯ ಪ್ರಕಾರ ಗ್ರಾಹಕಳೇ.

ಬಾಯಿಮಾತಿನ ಒಪ್ಪಂದಕ್ಕೆ ಬೆಲೆಯಿಲ್ಲ ಎಂಬ ನಂಬಿಕೆಯೂ ಸುಳ್ಳು. ಕರಾರು ಬರವಣಿಗೆಯಲ್ಲೇ ಇರಬೇಕೆಂದು ಕರಾರು ಕಾಯ್ದೆ ಇಂಥ ವ್ಯವಹಾರಕ್ಕೆ ಕೇಳುವುದಿಲ್ಲ. ಬೇಕಾದದ್ದು ಸಾಕ್ಷ್ಯ. "450ಕ್ಕೆ ಓಕೆ ಸಾರ್" ಎಂದು ವಾಟ್ಸಾಪ್‌ನಲ್ಲಿ ಬಂದ ಒಂದು ಸಾಲು, ಮುಂಗಡ ಕಳಿಸಿದ ಯುಪಿಐ ದಾಖಲೆ, ಮಾತಾಡುವಾಗ ಪಕ್ಕದಲ್ಲಿದ್ದ ಷಡ್ಡಕ, ಇವೆಲ್ಲ ಸಾಕ್ಷ್ಯವೇ. ರಸೀದಿಯ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ "ದರ ಬದಲಿಸುವ ಹಕ್ಕು ಆಡಳಿತದ್ದು, ಮುಂಗಡ ಯಾವ ಕಾರಣಕ್ಕೂ ಹಿಂತಿರುಗಿಸುವುದಿಲ್ಲ" ಎಂದು ಅಚ್ಚು ಹಾಕಿಸಿದ ಛತ್ರಗಳಿವೆ. ಲಾಕ್‌ಡೌನಿನ 2020ರಲ್ಲಿ ಎಷ್ಟೋ ಮನೆಗಳವರು ಆ ಸಾಲನ್ನು ಮೊದಲ ಸಲ ಓದಿ ಎದೆ ಹಿಡಿದುಕೊಂಡರು. ಗ್ರಾಹಕನನ್ನು ಅನ್ಯಾಯವಾಗಿ ಕಟ್ಟಿಹಾಕುವ ಇಂಥ ಷರತ್ತನ್ನು ಅನುಚಿತ ಕರಾರು ಎಂದು ರಾಜ್ಯ ಆಯೋಗದ ಮುಂದೆ ಪ್ರಶ್ನಿಸಬಹುದು, ಆಯೋಗ ಅದನ್ನು ಅನೂರ್ಜಿತಗೊಳಿಸಬಹುದು. ಅಚ್ಚಾದ ಮಾತ್ರಕ್ಕೆ ಅದು ಶಾಸನವಾಗುವುದಿಲ್ಲ. ಕಡೆಯ ಗಳಿಗೆಯಲ್ಲಿ "ಜಿಎಸ್‌ಟಿ ಬೇರೆ ಆಗುತ್ತೆ" ಎನ್ನುವವರಿಂದ ನೋಂದಣಿ ಸಂಖ್ಯೆಯಿರುವ ಬಿಲ್ಲು ಕೇಳಿ. ನೋಂದಣಿ ಇಲ್ಲದವರು ತೆರಿಗೆಯ ಹೆಸರಲ್ಲಿ ಒಂದು ಪೈಸೆಯನ್ನೂ ವಸೂಲು ಮಾಡುವಂತಿಲ್ಲ.

ಕೋರ್ಟು ಕಚೇರಿ ಅಲೆಯುವವರು ಯಾರು ಎಂದು ಕೇಳುತ್ತಾರೆ. ಇದು ಸಿವಿಲ್ ಕೋರ್ಟಿನ ದಾರಿಯಲ್ಲ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಸಾಕು. ಐದು ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರು ಬೇಕೆಂಬ ಕಡ್ಡಾಯವಿಲ್ಲ. ಅಡುಗೆಯವನ ಊರಿಗೆ ಹೋಗಬೇಕಾಗಿಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮನೆಯಿಂದಲೇ ಆನ್‌ಲೈನ್ ಮೂಲಕ ಸಲ್ಲಿಸಬಹುದು. ಎರಡು ವರ್ಷ ಅವಧಿಯಿದೆ, ಮದುವೆಯ ಗದ್ದಲದಲ್ಲೇ ಕೊಡಬೇಕೆಂದಿಲ್ಲ. ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು, ಅದನ್ನು ಮುಚ್ಚಿಡಲಾರೆ. ಆದರೆ ಮಗಳ ಮದುವೆಗೆ ಗಂಡು ಹುಡುಕುತ್ತ ನಾಲ್ಕು ವರ್ಷ ಊರೂರು ಅಲೆದ ಮನುಷ್ಯನಿಗೆ ತನ್ನ 81,000 ರೂಪಾಯಿಗಾಗಿ ಮೂರು ಸಲ ಆಯೋಗದ ಬಾಗಿಲಿಗೆ ಹೋಗುವುದು ಆಗದ ಕೆಲಸವಲ್ಲ.

ಓದಿದವರ ನಡುವೆ ಇನ್ನೊಂದು ಬಗೆಯ ಮಾತು ಕೇಳುತ್ತದೆ. "ಆಡಂಬರದ ಮದುವೆ ಮಾಡುವವರಿಗೆ ಹೀಗೇ ಆಗಬೇಕು. ಸರಳವಾಗಿ ಮಾಡಿದ್ದರೆ ಈ ಗೋಳೇ ಇರುತ್ತಿರಲಿಲ್ಲ." ಸರಳ ಮದುವೆಯ ಬಗ್ಗೆ ನನಗೆ ಪ್ರೀತಿಯಿದೆ. 1966ರಲ್ಲಿ ತೇಜಸ್ವಿಯವರ ಮದುವೆಯನ್ನು ಕುವೆಂಪು ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿದ್ದು ಈ ನಾಡಿಗೆ ಸಿಕ್ಕ ದೊಡ್ಡ ಮೇಲ್ಪಂಕ್ತಿ. ಆದರೆ ಕುವೆಂಪು ಬಿಡಿಸಹೊರಟದ್ದು ಬಡವನನ್ನು ಸಾಲದಿಂದ, ದಾಕ್ಷಿಣ್ಯದಿಂದ. ಅವರ ಹೆಸರಲ್ಲಿ ಸಾಲಕ್ಕೆ ಬಿದ್ದವನನ್ನು ಇನ್ನಷ್ಟು ಹೀಯಾಳಿಸುವುದು ಅವರಿಗೆ ಒಪ್ಪುವ ಕೆಲಸವಲ್ಲ. ಐವತ್ತು ಜನರ ಮದುವೆಗೂ ಊಟ ಬೇಕು, ಆ ಊಟಕ್ಕೂ ಒಂದು ದರವಿರುತ್ತದೆ, ಆ ದರವೂ ಏರಬಹುದು. ಕೊಂಡವನು ಎಷ್ಟು ದೊಡ್ಡದನ್ನು ಕೊಂಡ ಎಂಬುದನ್ನು ನೋಡಿ ಮೋಸ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದಿಲ್ಲ.

ಎದುರು ಪಕ್ಷದ ದೂರೂ ನಿಜವೇ. ಊಟ ಮುಗಿದು ಎಲೆ ಎತ್ತಿದ ಮೇಲೆ "ಪಲ್ಯ ಸರಿಯಿರಲಿಲ್ಲ" ಎಂದು ಬಾಕಿ ಹಿಡಿದುಕೊಳ್ಳುವ ಮನೆಗಳಿವೆ. 700 ಎಂದು ಹೇಳಿ 1,000 ಜನರನ್ನು ಕರೆದು 700ಕ್ಕೇ ಲೆಕ್ಕ ಮುಗಿಸಿ ಎನ್ನುವವರಿದ್ದಾರೆ. ಅದೂ ಮಾತು ಮುರಿಯುವುದೇ, ಅದಕ್ಕೂ ನನ್ನ ವಿರೋಧ ಇಷ್ಟೇ ಗಟ್ಟಿ. ಎಲೆ ಹೆಚ್ಚಾದರೆ, ಮೆನುವಿಗೆ ಎರಡು ಬಗೆ ಸೇರಿದರೆ ದುಡ್ಡು ಹೆಚ್ಚು ಕೇಳುವುದು ನ್ಯಾಯ. ಎಣ್ಣೆಯ ಬೆಲೆಗೆ ಹೆದರುವ ಕಂಟ್ರಾಕ್ಟರು ಮೊದಲ ದಿನವೇ ಹಾಗೆಂದು ಹೇಳಲಿ: ಇಂದಿನ ಎಣ್ಣೆಯ ದರ ಇಷ್ಟು, ಮದುವೆಯ ವಾರದಲ್ಲಿ ಇಷ್ಟಕ್ಕಿಂತ ಮೇಲೆ ಹೋದರೆ ಎಲೆಗೆ ಇಷ್ಟು ಹೆಚ್ಚು, ಕೆಳಗೆ ಬಂದರೆ ಇಷ್ಟು ಕಡಿಮೆ. ಒಪ್ಪುವವನು ಒಪ್ಪುತ್ತಾನೆ, ಒಪ್ಪದವನು ಬೇರೆ ಕಡೆ ಹೋಗಲು ನಾಲ್ಕು ತಿಂಗಳಿರುತ್ತದೆ.

ಈಗಾಗಲೇ ಸಿಕ್ಕಿಕೊಂಡವರಿಗೆ ಒಂದು ಮಾತು ಹೇಳಬೇಕು, ನಾನು ಅಂದು ಭಾವನಿಗೆ ಹೇಳದೆ ಹೋದ ಮಾತು. ಜಗಳ ಆಡಬೇಡಿ, ಮದುವೆ ನಿಲ್ಲಿಸಬೇಡಿ, ಬೀಗರ ಕಿವಿಗೆ ಹಾಕಬೇಡಿ. ಕೇಳಿದ್ದನ್ನು ಕೊಡಲೇಬೇಕಾದರೆ ಕೊಡಿ. ಆದರೆ ನಗದು ಕೊಡಬೇಡಿ. ಬ್ಯಾಂಕಿನ ಮೂಲಕ ಕಳಿಸಿ, ಕಳಿಸುವ ಮೊದಲು ಅವನ ನಂಬರಿಗೆ ನಾಲ್ಕು ಸಾಲು ಬರೆಯಿರಿ: ನಾವು ಒಪ್ಪಿದ್ದು 450, ನೀವು ಈಗ 540 ಕೇಳುತ್ತಿದ್ದೀರಿ, ಬೇರೆ ವ್ಯವಸ್ಥೆಗೆ ಸಮಯವಿಲ್ಲದೆ ಆಕ್ಷೇಪಣೆಯೊಂದಿಗೆ ಕೊಡುತ್ತಿದ್ದೇವೆ, ಹೆಚ್ಚುವರಿ ಹಣವನ್ನು ಹಿಂದಕ್ಕೆ ಕೇಳುವ ಹಕ್ಕು ಬಿಟ್ಟುಕೊಟ್ಟಿಲ್ಲ. ಆ ನಾಲ್ಕು ಸಾಲಿನಿಂದ ಹುಡುಗಿಯ ಧಾರೆಯೂ ಸಾಂಗವಾಗಿ ಮುಗಿಯುತ್ತದೆ, ಹಕ್ಕೂ ಉಳಿಯುತ್ತದೆ.

ಭಾವ ಅದನ್ನು ಬರೆಯಲಿಲ್ಲ, ಬರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆದರೂ ನಾಲ್ಕು ತಿಂಗಳ ಹಿಂದಿನ "450 ಓಕೆ" ಮತ್ತು ಒಂಬತ್ತು ದಿನ ಇರುವಾಗಿನ "540 ಹಾಕಿ ಸಾರ್" ಎರಡೂ ಅವರ ಫೋನಿನಲ್ಲಿ ಹಾಗೇ ಇವೆ. ಎರಡು ವರ್ಷ ತುಂಬಲು ಇನ್ನೂ ಏಳು ತಿಂಗಳಿದೆ. ಹೋದ ಭಾನುವಾರ ನಾನು ಬರೆದುಕೊಂಡು ಹೋದ ದೂರಿನ ಕರಡನ್ನು ಭಾವ ಓದದೆ ಪಕ್ಕಕ್ಕಿಟ್ಟರು. "ಹೋದದ್ದು ಹೋಯ್ತು ಬಿಡಯ್ಯಾ" ಎಂದರು. ಸೊಸೈಟಿ ಸಾಲದ ಪಾಸ್‌ಬುಕ್ಕು ಅದೇ ಮೇಜಿನ ಮೇಲಿತ್ತು. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಅಕ್ಕ ಕರಡನ್ನು ಎತ್ತಿಕೊಂಡು ಕನ್ನಡಕ ಹಾಕಿ ಮೊದಲಿಂದ ಕೊನೆಯವರೆಗೆ ಓದಿದಳು. ಗ್ರಾಹಕ ಸಹಾಯವಾಣಿಯ ನಂಬರು ಬರೆದಿದ್ದ ಜಾಗದಲ್ಲಿ ಬೆರಳಿಟ್ಟು ಕೇಳಿದಳು: "ಈ 1915ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲಿ ಮಾತಾಡ್ತಾರಾ?"

"ಮಾತಾಡ್ತಾರೆ ಅಕ್ಕ" ಎಂದೆ.